ನಮ್ಮ ಸೀಮೆಯ ಮುದ್ರಿತ ಲಗ್ನಪತ್ರಿಕೆಗಳು

ಇತಿಹಾಸದ ಸಾಮಗ್ರಿಯು ಶಿಲಾಶಾಸನಗಳಲ್ಲಿಯೂ ತಾಮ್ರಪಟಗಳಲ್ಲಿಯೂ ಮಾತ್ರವೇ ದೊರೆಯುವದೆಂದು ನಾವು ಸಾಮಾನ್ಯವಾಗಿ ತಿಳಿದಿರುವೆವು. ಹಾವೇರಿಯ ಪುರದ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ, ಚೌಡದಾನಪುರದ ಮುಕ್ತೇಶ್ವರ ಮೊದಲಾದ ದೇವಾಲಯಗಳನ್ನು ನೋಡಿ ಬಂದವರಿಗೆ ಈ ತಿಳುವಳಿಕೆಯು ಸಹಜವೇ ಸರಿ. ಆದರೆ ಅರಸರೂ ದಂಡನಾಯಕರೂ ಅಲ್ಲದ ನಮ್ಮಂಥ ಗೃಹಸ್ಥರ ಮನೆಗಳಿಗೂ ಒಂದು ಬಗೆಯ ಶಾಸನವುಂಟು. ಅದರಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳಿರುವವು, ಎರಡು ಕುಲಗಳ ಹಿರಿಯರ ಹೆಸರುಗಳಿರುವವು, ಊರುಕೇರಿಗಳ ಉಲ್ಲೇಖವಿರುವದು, ಕಟ್ಟಕಡೆಯಲ್ಲಿ ಶಾಸನವನ್ನು ಕಂಡರಿಸಿದ ರೂವಾರಿಯ ಹೆಸರಿನಂತೆ ಅದನ್ನು ಅಚ್ಚು ಹಾಕಿದ ಮುದ್ರಣಾಲಯದ ಹೆಸರೂ ಇರುವದು. ಅದೇ ನಮ್ಮ ಮನೆಮನೆಯ ಲಗ್ನಪತ್ರಿಕೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಪಟ್ಟಣಗಳಲ್ಲಿ ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸಿ ಇಂಥ ಪತ್ರಿಕೆಗಳನ್ನು ಮಾಡುತ್ತಿದ್ದ ಬಗೆಯನ್ನೂ, ಆ ಬಗೆಯು ನಮಗೆ ತಿಳಿಯದಂತೆಯೇ ನಮ್ಮ ಆಚಾರದ ಮೇಲೆ ಮಾಡಿದ ಪರಿಣಾಮವನ್ನೂ ವಾಚಕರ ಮುಂದಿಡುವದು ಈ ಲೇಖನದ ಉದ್ದೇಶವಾಗಿದೆ.

೧

ಮೊದಲು ಶಬ್ದಗಳ ವಿಚಾರ. ನಿಮಂತ್ರಣ, ಆಮಂತ್ರಣ ಎಂಬ ಎರಡು ಶಬ್ದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತಿರುವೆವು. ವೈಯಾಕರಣರು ಹಾಗೆ ಬಳಸಲಿಲ್ಲ. ಪಾಣಿನಿಯು ಕ್ರಿಯಾಪದದ ವಿಧ್ಯರ್ಥಗಳನ್ನು ಎಣಿಸುವಾಗ ಇವೆರಡನ್ನೂ ಬೇರೆ ಬೇರೆಯಾಗಿ ಹೇಳಿದ್ದಾನೆ. ವ್ಯಾಖ್ಯಾನಕಾರರು ವಿವರಿಸುವಂತೆ ನಿಮಂತ್ರಣವೆಂದರೆ ತಪ್ಪಿಸಲು ಬಾರದ ಕರೆ. ಶ್ರಾದ್ಧದ ಊಟಕ್ಕೆ ಮಗಳ ಮಗನನ್ನು ಕರೆಯುವದು ಇದಕ್ಕೆ ಉದಾಹರಣೆ. ಆಮಂತ್ರಣವಾದರೋ ಬರುವದನ್ನೂ ಬಿಡುವದನ್ನೂ ಕರೆಯಿಸಿಕೊಂಡವನ ಇಚ್ಛೆಗೆ ಒಪ್ಪಿಸಿದ ಕರೆ. ನಮ್ಮ ಮುದ್ರಿತ ಪತ್ರಿಕೆಗಳ ತಲೆಯ ಮೇಲೆ ಇರುವದು ಈ ಎರಡನೆಯ ಶಬ್ದವೇ. ವ್ಯಾಕರಣವನ್ನು ಓದದ ನಮ್ಮ ಹಳ್ಳಿಯವರಿಗೂ ಈ ಭೇದವು ಚೆನ್ನಾಗಿ ಗೊತ್ತಿದೆ. "ಪತ್ರಿಕೆ ಕೊಟ್ಟು ಹೋದರು, ಕರೀಲಿಲ್ಲ" ಎಂದು ಮುನಿಸಿಕೊಂಡವರನ್ನು ಕಾಣದ ಊರು ನಮ್ಮ ಸೀಮೆಯಲ್ಲಿ ಇರಲಿಕ್ಕಿಲ್ಲ. ಕಾಗದವು ಆಮಂತ್ರಣ, ಬಾಯಿಂದ ಕರೆದದ್ದೇ ನಿಮಂತ್ರಣ.

ಲಗ್ನಪತ್ರಿಕೆಯೆಂಬ ಹೆಸರೂ ಮೂಲತಃ ಅಚ್ಚಿನ ಕಾಗದಕ್ಕೆ ಸಂಬಂಧಿಸಿದ್ದಲ್ಲ. ನಿಶ್ಚಿತಾರ್ಥದ ಕಾಲಕ್ಕೆ ಪುರೋಹಿತನು ಮುಹೂರ್ತವನ್ನು ಗುಣಿಸಿ, ಉಭಯಪಕ್ಷದವರ ಸಮಕ್ಷಮ ಕೈಯಿಂದ ಬರೆದು, ಓದಿ ಹೇಳಿ, ಅರಿಷಿಣ ಕುಂಕುಮ ಹಚ್ಚಿ ಕೊಡುವ ಪತ್ರವೇ ನಿಜವಾದ ಲಗ್ನಪತ್ರಿಕೆ. ಅದು ಒಪ್ಪಂದದ ಪತ್ರ. ಊರವರನ್ನು ಕರೆಯುವ ಕೆಲಸವು ಬೇರೆಯೇ ಆಗಿತ್ತು. ಮನೆಯ ಹೆಂಗಸರು ಕುಂಕುಮದ ಭರಣಿಯನ್ನೂ ಅಕ್ಷತೆಯನ್ನೂ ಹಿಡಿದು, ಮೊದಲು ಮನೆದೇವರಿಗೆ, ಆಮೇಲೆ ಊರ ದೇವರಿಗೆ, ತರುವಾಯ ಮನೆಮನೆಗೆ ಹೋಗಿ ಕರೆಯುತ್ತಿದ್ದರು. ಪರಊರಿನ ಬೀಗರಿಗೆ ಆಳಿನ ಕೈಯಲ್ಲಿ ಓಲೆ ಹೋಗುತ್ತಿತ್ತು. ನಾಲ್ಕು ಮೂಲೆಗೆ ಕುಂಕುಮ ಹಚ್ಚಿದ ಓಲೆಯನ್ನು ಕಂಡಾಕ್ಷಣವೇ, ಓದುಬಾರದವರಿಗೂ ಅದು ಶುಭದ ಕಾಗದವೆಂದು ತಿಳಿಯುತ್ತಿತ್ತು. ಈ ಪದ್ಧತಿಯಲ್ಲಿ ಕರೆಯುವ ಅಧಿಕಾರವು ಬಹುಮಟ್ಟಿಗೆ ಸ್ತ್ರೀಯರದಾಗಿತ್ತೆಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬಿನ್ನವಿಸುವೆನು.

೨

ಭರತಖಂಡಕ್ಕೆ ಅಚ್ಚಿನ ಯಂತ್ರವು ೧೫೫೬ರಲ್ಲಿ ಗೋವೆಗೆ ಬಂದಿತು. ಕನ್ನಡಕ್ಕೆ ಅದರ ಫಲವು ದೊರೆಯಲು ಬಹುಕಾಲ ಹಿಡಿಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ವಂಗದೇಶದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. ೧೮೪೩ರ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲನೆಯ ವೃತ್ತಪತ್ರಿಕೆಯೆಂದು ಪ್ರಸಿದ್ಧವಾಗಿದೆ. ಅದು ಮೊಳೆಯಚ್ಚಿನದಲ್ಲ, ಕಲ್ಲಚ್ಚಿನದು. ಕೈಯಿಂದ ಬರೆದ ಅಕ್ಷರವನ್ನೇ ಕಲ್ಲಿನ ಮೇಲೆ ಇಳಿಸಿ ಅದರಿಂದ ಪ್ರತಿಗಳನ್ನು ತೆಗೆಯುತ್ತಿದ್ದರು.

ನಮ್ಮ ಮೂರು ಪಟ್ಟಣಗಳು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ೧೮೯೬ರಲ್ಲಿ ಅದರ 'ವಾಗ್ಭೂಷಣ'ವು ಹೊರಟಿತು. ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ೧೯೦೭ರಲ್ಲಿ 'ಸದ್ಬೋಧ ಚಂದ್ರಿಕೆ'ಯು ಹೊರಡತೊಡಗಿತು. ಅದನ್ನು ನಡೆಯಿಸಿದ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಮೊದಲು ಶಾಲಾಮಾಸ್ತರರಾಗಿದ್ದವರು. ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಲಗ್ನಪತ್ರಿಕೆಯ ಪ್ರಸಂಗದಲ್ಲಿ ಅವರನ್ನು ನೆನೆಯುವದಕ್ಕೆ ಕಾರಣವಿದೆ. ಓದುವವರು ಇಲ್ಲದ ಮನೆಗೆ ಅಚ್ಚಿನ ಕರೆಯೋಲೆಯಿಂದ ಪ್ರಯೋಜನವಿಲ್ಲ. ಅಚ್ಚಿನ ಅಕ್ಷರವನ್ನು ಹಳ್ಳಿಯ ಪಡಸಾಲೆಗೆ ಮುಟ್ಟಿಸಿದವರು ಇಂಥವರೇ.

ಅಂಚೆಯ ಸಹಾಯವೂ ದೊಡ್ಡದು. ಬಾಯಿ ಅಂಟಿಸದ ಲಕೋಟೆಯಲ್ಲಿ ಅಚ್ಚಿನ ಕಾಗದವನ್ನಿಟ್ಟು 'ಬುಕ್ ಪೋಸ್ಟ್' ಎಂದು ಬರೆದರೆ ಕೈಬರಹದ ಕಾಗದಕ್ಕಿಂತ ಕಡಿಮೆ ದರದಲ್ಲಿ ಹೋಗುತ್ತಿತ್ತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ರೇಲ್ವೆಯ ಹಾದಿಯ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದರ ಹಿಂದೊಂದು ಇರುವದರಿಂದ, ಕಾಗದವೂ ಬೀಗರೂ ಬಂದು ಮುಟ್ಟುವದು ಸುಲಭವಾಯಿತು. ಇದಲ್ಲದೆ ಇವು ಪೇಟೆಯ ಊರುಗಳು. ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಹತ್ತಿಯ ವ್ಯಾಪಾರಗಳ ಅಡತಿ ಅಂಗಡಿಗಳಿಗೆ ಪಾವತಿ ಪುಸ್ತಕಗಳೂ ಲೆಕ್ಕದ ಹಾಳೆಗಳೂ ವರುಷವೆಲ್ಲ ಬೇಕು. ನಾನು ಕಂಡ ಚಿಕ್ಕ ಮುದ್ರಣಾಲಯಗಳೆಲ್ಲವೂ ಅಂಗಡಿಕಾರರ ಪಾವತಿಯಿಂದ ಹೊಟ್ಟೆ ತುಂಬಿಕೊಂಡು, ವೈಶಾಖ ಜ್ಯೇಷ್ಠಗಳ ಲಗ್ನಪತ್ರಿಕೆಯಿಂದ ಹಬ್ಬ ಮಾಡುತ್ತಿದ್ದವು.

೩

ಇನ್ನು ಮಾಡುವ ಬಗೆ. ಸೀಸಕ್ಕೆ ತವರವನ್ನೂ ಅಂಟಿಮನಿಯನ್ನೂ ಬೆರಸಿ ಎರಕ ಹೊಯ್ದ ಮೊಳೆಯ ತುದಿಯಲ್ಲಿ ಅಕ್ಷರವು ತಿರುವುಮುರುವಾಗಿ ಇರುವದು. ಇಂಗ್ಲೀಷಿಗೆ ಇಪ್ಪತ್ತಾರು ಅಕ್ಷರಗಳು ಸಾಕು; ದೊಡ್ಡವು ಚಿಕ್ಕವು ಎಂದು ಎರಡು ಬಗೆಯಾದರೂ ಐವತ್ತೆರಡು. ಕನ್ನಡದ ಮೂವತ್ತುನಾಲ್ಕು ವ್ಯಂಜನಗಳನ್ನು ಹನ್ನೆರಡು ಸ್ವರಗಳಿಂದ ಗುಣಿಸಿದರೆ ಬಳ್ಳಿಯ ರೂಪಗಳೇ ೪೦೮ ಆಗುವವು. ಅವುಗಳ ಮೇಲೆ ಒತ್ತಕ್ಷರಗಳು. ಆದುದರಿಂದ ಮೊಳೆ ಮಾಡುವವರು ತಲೆಕಟ್ಟು, ಕೊಂಬು, ದೀರ್ಘಗಳನ್ನು ಬೇರೆ ತುಂಡುಗಳಾಗಿ ಎರಕ ಹೊಯ್ದು ಸಂಖ್ಯೆಯನ್ನು ಇಳಿಸಿದರು. ಆದರೂ ಕನ್ನಡದ ಅಕ್ಷರಜೋಡಣೆಗಾರನ ಮುಂದೆ ನೂರಾರು ಖಾನೆಗಳು. ಯಾವ ಖಾನೆಯಲ್ಲಿ ಯಾವ ಅಕ್ಷರವೆಂಬುದಕ್ಕೆ ಅವನು ಕಣ್ಣನ್ನು ಬಳಸುತ್ತಿರಲಿಲ್ಲ. ಕೈಯೇ ಹೋಗಿ ತರುತ್ತಿತ್ತು.

ಎಡಗೈಯಲ್ಲಿ ಸ್ಟಿಕ್ಕೆಂಬ ಕಬ್ಬಿಣದ ಪಟ್ಟಿಯನ್ನು ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆಯನ್ನು ತಲೆಕೆಳಗಾಗಿ ನಿಲ್ಲಿಸುತ್ತ ಸಾಲನ್ನು ಕಟ್ಟುವರು. ನಾಲ್ಕಾರು ಸಾಲುಗಳಾದ ಮೇಲೆ ಗೇಲಿಗೆ ಇಳಿಸಿ, ದಾರದಿಂದ ಬಿಗಿದು, ಕರಡಚ್ಚು ತೆಗೆಯುವರು. ಲಗ್ನಪತ್ರಿಕೆಯ ಕರಡನ್ನು ತಿದ್ದುವದು ಊರ ಮಾಸ್ತರನ ಕೆಲಸವೆಂದೇ ರೂಢಿಯಾಗಿತ್ತು. ಈ ಲೇಖಕನೂ ಮೂವತ್ತು ವರುಷ ಆ ಸೇವೆಯನ್ನು ಸಲ್ಲಿಸಿದ್ದಾನೆ. ವಕಾರ ಮಕಾರಗಳ ಮೊಳೆಗಳು ಅಣ್ಣತಮ್ಮಂದಿರಂತೆ ಕಾಣುವದರಿಂದ 'ವರ'ನು 'ಮರ'ನಾಗುವದು ಅಪರೂಪವೇನಲ್ಲ.

ತಿದ್ದಿದ ಸಾಲುಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಕಟ್ಟಿಗೆಯ ತುಂಡುಗಳಿಂದ ಬಿಗಿದು ಟ್ರೆಡಲ್ ಯಂತ್ರಕ್ಕೆ ಏರಿಸುವರು. ಕಾಲಿನಿಂದ ತುಳಿಯುತ್ತ, ಬಲಗೈಯಿಂದ ಕಾಗದವನ್ನು ಕೊಡುತ್ತ, ಎಡಗೈಯಿಂದ ಅಚ್ಚಾದದ್ದನ್ನು ತೆಗೆಯುತ್ತ ಇರಬೇಕು. ಒಂದು ಲಯ ತಪ್ಪಿದರೆ ಬೆರಳು ಹೋಗುವದು. ಗಣಪತಿಯ ಬ್ಲಾಕು ಕೆಂಪು, ಒಕ್ಕಣೆ ಹಸುರು ಎಂದು ಯಜಮಾನರು ಬಯಸಿದರೆ ಪ್ರತಿಯೊಂದು ಕಾಗದವೂ ಎರಡು ಸಲ ಯಂತ್ರದ ಬಾಯಿಗೆ ಹೋಗಬೇಕು. ಮಸಿ ಹಚ್ಚುವ ಉರುಳೆಗಳನ್ನು ಹಿಂದೆ ಸರೇಸು, ಕಾಕಂಬಿಗಳನ್ನು ಕಾಯಿಸಿ ಎರಕ ಹೊಯ್ಯುತ್ತಿದ್ದರು. ಬೇಸಗೆಯ ಬಿಸಿಲಿಗೆ ಅವು ಮೆತ್ತಗಾಗುತ್ತಿದ್ದವು. ಲಗ್ನದ ಕಾಲವಾದರೋ ಬೇಸಗೆಯೇ. ಆದುದರಿಂದ ಬೆಳಗಿನ ತಂಪಿನಲ್ಲಿಯೇ ಅಚ್ಚು ಹಾಕುವದು ವಾಡಿಕೆಯಾಗಿತ್ತು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಿಂದ ತೊಳೆದು, ಮೊಳೆಗಳನ್ನೆಲ್ಲ ಬಿಚ್ಚಿ, ಆಯಾ ಖಾನೆಗೆ ಮರಳಿ ಹಾಕಬೇಕು. ಒಬ್ಬರ ಮದುವೆಯ ಮೊಳೆಯೇ ಮರುದಿನ ಮತ್ತೊಬ್ಬರ ಪಾವತಿ ಪುಸ್ತಕದ ಮೊಳೆ.

೪

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಲಗ್ನದ ಕಾಲಕ್ಕೆ ಎಲ್ಲ ಮೊಳೆಗಳನ್ನೂ ಬಿಚ್ಚುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ಐವತ್ತು ಮನೆಗಳ ಪತ್ರಿಕೆಗಳನ್ನು ಮಾಡಬೇಕಾದ ಮುದ್ರಕನು ಆರಂಭದ ದೇವತಾಸ್ಮರಣೆ, 'ಸಕುಟುಂಬ ಸಪರಿವಾರ' ಎಂಬ ಬಿನ್ನಹ, ಕೊನೆಯ 'ತಮ್ಮ ಆಗಮನಾಭಿಲಾಷಿಗಳು' ಮೊದಲಾದ ಸಾಲುಗಳನ್ನು ದಾರದಿಂದ ಕಟ್ಟಿ ಹಾಗೆಯೇ ಇಟ್ಟುಕೊಳ್ಳುತ್ತಿದ್ದನು. ವರನ ಹೆಸರು, ವಧುವಿನ ಹೆಸರು, ತಂದೆಯ ಹೆಸರು, ಊರು, ಮಿತಿ, ಇಷ್ಟನ್ನು ಮಾತ್ರ ಬದಲಿಸಿದರೆ ಹೊಸ ಮನೆಯ ಪತ್ರಿಕೆ ಸಿದ್ಧ. ಕೂಲಿ ಉಳಿಯಿತು, ಮೊಳೆಯೂ ಉಳಿಯಿತು. ನಮ್ಮ ಸೀಮೆಯ ಹಳೆಯ ಪತ್ರಿಕೆಗಳ ಒಕ್ಕಣೆಯು ಜಾತಿ ಮತಗಳ ಭೇದವಿದ್ದರೂ ಒಂದೇ ತೆರನಾಗಿ ಕಾಣುವದಕ್ಕೆ ಇದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಹೀಗೆ ಕಟ್ಟಿಟ್ಟ ಮೊಳೆಯು ಬರಬರುತ್ತ ಕಟ್ಟಳೆಯಾಯಿತು. 'ಶ್ರೀ. ರಾ. ರಾ.' ಎಂಬ ಮರಾಠಿಯ ರೀತಿಯ ಗೌರವದ ಅಕ್ಷರಗಳು, 'ಚಿ.', 'ಸೌ.' ಎಂಬವು, ಎಲ್ಲವೂ ಆ ಕಟ್ಟಿನಲ್ಲಿ ಸೇರಿಕೊಂಡವು. ಸೇರದೆ ಉಳಿದದ್ದು ತಾಯಿಯ ಹೆಸರು. ಭರಣಿ ಹಿಡಿದು ಮನೆಮನೆಗೆ ಹೋಗಿ ಕರೆಯುತ್ತಿದ್ದವಳಿಗೆ ಅಚ್ಚಿನ ಕರೆಯಲ್ಲಿ ಸ್ಥಳವಿಲ್ಲದೆ ಹೋಯಿತು. ವಧುವು ಇಂಥವರ 'ಜ್ಯೇಷ್ಠ ಕನ್ಯೆ', ವರನು ಇಂಥವರ 'ದ್ವಿತೀಯ ಚಿರಂಜೀವ'. ಆ 'ಇಂಥವರು' ತಂದೆಯೇ, ಇಲ್ಲವಾದರೆ ಅಜ್ಜನೇ, ಚಿಕ್ಕಪ್ಪನೇ. ನನ್ನ ಪೆಟ್ಟಿಗೆಯಲ್ಲಿ ಕೂಡಿಸಿಟ್ಟ ಹಳೆಯ ಪತ್ರಿಕೆಗಳಲ್ಲಿ ತಾಯಿಯ ಹೆಸರಿರುವವು ಬೆರಳೆಣಿಕೆಯಷ್ಟೂ ಇಲ್ಲ.

ಸ್ವಂತದ ಮಾತೊಂದನ್ನು ಹೇಳುವೆನು, ವಾಚಕರು ಕ್ಷಮಿಸಬೇಕು. ೧೯೭೯ನೆಯ ಇಸವಿ, ಸಿದ್ಧಾರ್ಥಿ ಸಂವತ್ಸರದ ವೈಶಾಖದಲ್ಲಿ ನನ್ನ ಅಕ್ಕನ ಮದುವೆಯಾಯಿತು. ನಾನು ಪಾಠಶಾಲೆಯಲ್ಲಿ ಓದುತ್ತಿದ್ದ ಹುಡುಗ. ಪತ್ರಿಕೆಯ ಕರಡನ್ನು ತರಲು ಒಂದು ಚಿಕ್ಕ ಮುದ್ರಣಾಲಯಕ್ಕೆ ಹೋದಾಗ, "ಅವ್ವನ ಹೆಸರು ಇಲ್ಲವಲ್ಲ?" ಎಂದು ಕೇಳಿದೆನು. ಅಕ್ಷರ ಜೋಡಿಸುವವನು ನಕ್ಕು, "ಹೆಸರ ಸೇರಿಸಬೇಕಂದ್ರ ಕಟ್ಟು ಬಿಚ್ಚಬೇಕಾಗ್ತೈತಿ, ತಮ್ಮಾ. ಅಪ್ಪನ್ನ ಕೇಳಿಕೊಂಡು ಬಾ" ಎಂದನು. ತಂದೆಯವರು, "ಕಟ್ಟಿದ್ದು ಇರಲಿ ಬಿಡು, ಎಲ್ಲರದೂ ಹಾಂಗ ಇರತೈತಿ" ಎಂದರು. ಮುನ್ನೂರು ಪತ್ರಿಕೆಗಳು ಬಂದವು. ತಾಯಿಯವರು ಎರಡು ರಾತ್ರಿ ದೀಪದ ಮುಂದೆ ಕುಳಿತು, ಒಂದೊಂದಕ್ಕೂ ನಾಲ್ಕು ಮೂಲೆಗೆ ಕುಂಕುಮ ಹಚ್ಚಿದರು. ತಮ್ಮ ಹೆಸರಿಲ್ಲದ ಕಾಗದಕ್ಕೆ ಒಟ್ಟು ಸಾವಿರದ ಇನ್ನೂರು ಬೊಟ್ಟು. ತಂದೆಯವರು ಒಳ್ಳೆಯವರಾಗಿದ್ದರು, ತಾಯಿಯನ್ನು ಕೇಳದೆ ಯಾವ ಕೆಲಸವನ್ನೂ ಮಾಡಿದವರಲ್ಲ. ಅವರು ಬಿಟ್ಟದ್ದು ದ್ವೇಷದಿಂದಲ್ಲ, ಕಟ್ಟು ಹಾಗೆ ಇತ್ತೆಂದು. ಅನ್ಯಾಯಗಳಲ್ಲಿ ಬಹಳಷ್ಟು ಹೀಗೆಯೇ ನಡೆಯುವವು.

೫

೧೯೯೦ರ ದಶಕದಿಂದೀಚೆಗೆ ಗಣಕಯಂತ್ರವೂ ಆಫ್‌ಸೆಟ್ ಮುದ್ರಣವೂ ನಮ್ಮ ಪಟ್ಟಣಗಳಿಗೆ ಹರಡಿ, ಸೀಸದ ಮೊಳೆಗಳ ಕಾಲವು ಮುಗಿಯಿತು. ಇದನ್ನು ಕುರಿತು ಬರಿದೆ ಶೋಕಿಸುವದು ನನ್ನ ಉದ್ದೇಶವಲ್ಲ. ಗಣಕಯಂತ್ರದಲ್ಲಿ ಮೊಳೆಯ ಕೊರತೆಯಿಲ್ಲ, ಬಿಚ್ಚುವ ಕೂಲಿಯಿಲ್ಲ. ಹತ್ತು ಹೆಸರು ಸೇರಿಸಿದರೂ ವೆಚ್ಚವು ಒಂದೇ. ತಾಯಂದಿರ ಹೆಸರುಗಳು ಪತ್ರಿಕೆಗಳಲ್ಲಿ ಧಾರಾಳವಾಗಿ ಬರತೊಡಗಿದ್ದು ಈ ಕಾಲದಲ್ಲಿಯೇ. ಆದರೆ ಸೌಭಾಗ್ಯವತಿಯರ ಹೆಸರು ಬಂದಿತೇ ಹೊರತು, ಗಂಡನನ್ನು ಕಳೆದುಕೊಂಡವರ ಹೆಸರು ಬರುವದಕ್ಕೆ ಇನ್ನೂ ಅನೇಕ ಮನೆಗಳಲ್ಲಿ ಸಂಕೋಚವಿದೆ.

೨೦೨೩ರಲ್ಲಿ, ಶೋಭಕೃತ್ ಸಂವತ್ಸರದ ವೈಶಾಖದಲ್ಲಿ, ನನ್ನ ಮಗಳ ಲಗ್ನವು ನಿಶ್ಚಯವಾಯಿತು. ಪತ್ರಿಕೆಯನ್ನು ಹಳೆಯ ರೀತಿಯಲ್ಲಿ ಮೊಳೆ ಜೋಡಿಸಿಯೇ ಮಾಡಬೇಕೆಂದು ಅವಳೇ ಹಟ ಹಿಡಿದಳು. ಪರದೇಶಗಳಲ್ಲಿ ಈಗ ಇಂಥ ಪತ್ರಿಕೆಗಳಿಗೆ ಬಹಳ ಬೆಲೆಯಂತೆ. ಅಕ್ಷರವು ಕಾಗದದಲ್ಲಿ ಆಳವಾಗಿ ಒತ್ತಿ ಮೂಡಬೇಕೆಂದು ಕೊಳ್ಳುವವರು ಬಯಸುವರಂತೆ. ಹಳೆಯ ಮುದ್ರಕರಿಗೆ ಇದು ವಿನೋದವಾಗಿ ತೋರುವದು. ಕಾಗದದ ಬೆನ್ನಿಗೆ ಅಕ್ಷರವು ಉಬ್ಬಿ ಕಂಡರೆ ಅದು ಕೆಟ್ಟ ಅಚ್ಚೆಂದೇ ಅವರ ಮತ.

ನಾಲ್ಕು ದಿನ ಹುಡುಕಿದ ಮೇಲೆ ಹಾವೇರಿಯಲ್ಲಿ ಒಂದು ಕಡೆ ಟ್ರೆಡಲ್ ಯಂತ್ರವು ಸಿಕ್ಕಿತು. ಈಗ ಅದು ಪಾವತಿ ಪುಸ್ತಕಗಳಿಗೆ ಅಂಕಿ ಹಾಕುವ, ಹರಿಯಲು ತೂತಿನ ಸಾಲು ಹೊಡೆಯುವ ಕೆಲಸಕ್ಕೆ ಮಾತ್ರ ಉಳಿದಿದೆ. ಮೊಳೆಗಳನ್ನೆಲ್ಲ ಎಂದೋ ತೂಕಕ್ಕೆ ಮಾರಿದ್ದರು. ಮೂಲೆಯಲ್ಲಿ ಎರಡು ಹಲಗೆಪೆಟ್ಟಿಗೆಗಳಷ್ಟು ಉಳಿದಿದ್ದವು. ಎಪ್ಪತ್ತು ದಾಟಿದ ಅಕ್ಷರಜೋಡಣೆಗಾರರೊಬ್ಬರು ಮನೆಯಿಂದ ಬಂದು ಕನ್ನಡಕವನ್ನು ಒರಸಿಕೊಂಡು ಕುಳಿತರು. ಎಣಿಸಿ ನೋಡಿದರೆ ಣಕಾರದ ಮೊಳೆಗಳು ಆರೇ! 'ಆಮಂತ್ರಣ'ಕ್ಕೆ ಒಂದು, 'ಕಲ್ಯಾಣ'ಕ್ಕೆ ಒಂದು, 'ಪಾಣಿಗ್ರಹಣ'ಕ್ಕೆ ಎರಡು, ರಾಣೆಬೆನ್ನೂರಿಗೆ ಎರಡು ಕಡೆ ಎರಡು, ಅಲ್ಲಿಗೆ ಮುಗಿಯಿತು. 'ಕಲ್ಯಾಣಮಂಟಪ'ಕ್ಕೆ ಉಳಿಯಲಿಲ್ಲ. ಪಾಠಶಾಲೆಯಲ್ಲಿ ಕಲಿತ ಸಂಸ್ಕೃತವನ್ನೆಲ್ಲ ಬದಿಗಿಟ್ಟು, 'ಪಾಣಿಗ್ರಹಣ'ವನ್ನು 'ಮದುವೆ'ಯೆಂದೂ 'ಆಮಂತ್ರಣ'ವನ್ನು 'ಕರೆಯೋಲೆ'ಯೆಂದೂ ಮಾಡಿದೆನು. ಒಕ್ಕಣೆಯು ಮೊದಲಿಗಿಂತ ಚೆನ್ನಾಯಿತೆಂದು ನನ್ನ ಮಗಳು ಹೇಳಿದಳು, ನಾನೂ ಒಪ್ಪಿದೆನು. ಕಟ್ಟಿಟ್ಟ ಸಾಲುಗಳು ಒಂದೂ ಇರಲಿಲ್ಲವಾದುದರಿಂದ ಪ್ರತಿಯೊಂದು ಮಾತನ್ನೂ ಬೇಕೋ ಬೇಡವೋ ಎಂದು ಕೇಳಿಯೇ ಜೋಡಿಸಬೇಕಾಯಿತು.

ಕರೆಯುವವರ ಹೆಸರುಗಳಲ್ಲಿ ಮೊದಲನೆಯದಾಗಿ ನನ್ನ ತಾಯಿಯವರ ಹೆಸರನ್ನು ಬರೆದಿದ್ದೆನು. ತಂದೆಯವರು ತೀರಿಕೊಂಡು ಹನ್ನೊಂದು ವರುಷಗಳಾಗಿದ್ದವು. ಬಂಧುಗಳಲ್ಲಿ ಹಿರಿಯರೊಬ್ಬರು ಕರಡನ್ನು ನೋಡಿ, ಮಂಗಲಪತ್ರದಲ್ಲಿ ವಿಧವೆಯ ಹೆಸರು ಶಾಸ್ತ್ರಸಮ್ಮತವಲ್ಲವೆಂದರು. ಹಾಕಲೇಬೇಕಾದರೆ 'ಗಂ. ಭಾ.' ಎಂದು ಸೇರಿಸಿ ಕೆಳಗೆಲ್ಲಾದರೂ ಹಾಕಬೇಕೆಂದರು. ನಾನು ಓದಿದ ಧರ್ಮಶಾಸ್ತ್ರದ ಗ್ರಂಥಗಳು ಕೆಲವೇ ಆದರೂ, ಮುದ್ರಿತ ಪತ್ರಿಕೆಯ ಮಾತು ಅವುಗಳಲ್ಲಿ ಇರುವದು ಹೇಗೆ? ಅವುಗಳ ಕಾಲಕ್ಕೆ ಮುದ್ರಣವೇ ಇರಲಿಲ್ಲ. "ಇದು ಶಾಸ್ತ್ರವಲ್ಲ, ಛಾಪಖಾನೆಯ ದಾರದ ಕಟ್ಟು" ಎಂದು ನಾನು ವಿನಯದಿಂದಲೇ ಹೇಳಿದೆನು. ಅವರು ಆ ದಿನ ಊಟ ಮಾಡದೆ ಎದ್ದುಹೋದರು. ಮದುವೆಗೆ ಬಂದರು, ಆದರೆ ನನ್ನ ಸಂಗಡ ಮಾತು ಮೊದಲಿನಂತಾಗಲು ವರುಷವೇ ಹಿಡಿಯಿತು. ಈ ವ್ಯಥೆಯನ್ನು ನಾನು ಮುಚ್ಚಿಡುವದಿಲ್ಲ.

ಕೈಕಾಗದವನ್ನು ರಾತ್ರಿ ಒದ್ದೆಬಟ್ಟೆಯಲ್ಲಿ ತುಸು ತೇವ ಮಾಡಿಟ್ಟು, ಬೆಳಿಗ್ಗೆ ನೂರಿಪ್ಪತ್ತು ಪ್ರತಿಗಳನ್ನು ತೆಗೆದೆವು. ಮೊದಲನೆಯದನ್ನು ತಾಯಿಯವರ ಕೈಯಲ್ಲಿಟ್ಟೆನು. ಅವರು ಅಕ್ಷರಗಳ ಮೇಲೆ ಬೆರಳಾಡಿಸಿ, "ನನ್ನ ಹೆಸರ ಯಾಕ ಹಾಕಿಸಿದಿ? ಮಂದಿ ಏನಂದಾರು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅಕ್ಕನ ಮದುವಿಯಾಗ ಕೇಳಿದ್ದಿಯಂತಲ್ಲ, ನಿಮ್ಮಪ್ಪ ನನಗ ಹೇಳಿದ್ದ" ಎಂದರು. ನಾಲ್ವತ್ತುನಾಲ್ಕು ವರುಷ ಆ ಮಾತು ಅವರಲ್ಲಿತ್ತೆಂಬುದು ನನಗೆ ಅಂದೇ ತಿಳಿದದ್ದು. ಕುಂಕುಮದ ಬಟ್ಟಲನ್ನು ಮುಂದಿಟ್ಟರೆ ಅದನ್ನು ಮುಟ್ಟಲಿಲ್ಲ. ಮೊಮ್ಮಗಳು ಅರಿಷಿಣವನ್ನು ತಂದಿಟ್ಟಳು, ಅದನ್ನು ಹಚ್ಚಿದರು.

೬

ಇನ್ನು ಮಾಡತಕ್ಕದ್ದೇನು? ಅಚ್ಚುಮೊಳೆಯ ವಿದ್ಯೆಯನ್ನು ಮರಳಿ ತರುವೆವೆಂಬ ಭ್ರಾಂತಿಯು ಬೇಡ. ಆದರೆ ಮನೆಮನೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಪತ್ರಿಕೆಗಳನ್ನಾದರೂ ಕಾಪಾಡಬಹುದು. ೧೮೬೭ರ ಕಾಯಿದೆಯು ಅಚ್ಚಿನ ಕಾಗದಗಳ ಮೇಲೆ ಮುದ್ರಕನ ಹೆಸರೂ ಸ್ಥಳವೂ ಇರಬೇಕೆಂದು ವಿಧಿಸಿತ್ತು. ೨೦೨೪ರ ಮಾರ್ಚಿನಿಂದ ಅದರ ಸ್ಥಳಕ್ಕೆ ಬೇರೆ ಕಾಯಿದೆಯು ಬಂದಿದೆ. ಆ ಹಳೆಯ ವಾಡಿಕೆಯ ದೆಸೆಯಿಂದ ಲಗ್ನಪತ್ರಿಕೆಯ ಅಡಿಯಲ್ಲಿ ನಮ್ಮ ಪಟ್ಟಣಗಳ ಎಷ್ಟೋ ಮುಚ್ಚಿಹೋದ ಮುದ್ರಣಾಲಯಗಳ ಹೆಸರುಗಳು ಉಳಿದಿವೆ. ಬೇರೆಲ್ಲಿಯೂ ಅವು ಸಿಕ್ಕಲಿಕ್ಕಿಲ್ಲ. ಇಸವಿಯು ಹರಿದುಹೋದ ಪತ್ರಿಕೆಯಲ್ಲಿಯೂ ಸಂವತ್ಸರದ ಹೆಸರು ಉಳಿದಿದ್ದರೆ ಕಾಲವನ್ನು ನಿರ್ಣಯಿಸಬಹುದು. ಅರವತ್ತು ವರುಷಕ್ಕೊಮ್ಮೆ ಬರುವ ಹೆಸರು ಯಾವ ಆವೃತ್ತಿಯದೆಂಬುದನ್ನು ಮೊಳೆಯ ರೂಪವೇ ಹೇಳುವದು. ಜಿಲ್ಲೆಯ ಹೆಸರನ್ನು ಧಾರವಾಡವೆಂದು ಬರೆದಿದ್ದರೆ ಅದು ಬಹುಮಟ್ಟಿಗೆ ೧೯೯೭ಕ್ಕಿಂತ ಹಿಂದಿನದೆಂದು ಹೇಳಬಹುದು. ಹಾವೇರಿಯು ಬೇರೆ ಜಿಲ್ಲೆಯಾದದ್ದು ಆ ವರುಷದ ಆಗಸ್ಟಿನಲ್ಲಿ. ಒಬ್ಬೊಬ್ಬ ವಾಚಕರು ತಮ್ಮ ಮನೆಯಲ್ಲಿರುವ ಒಂದೊಂದು ಪತ್ರಿಕೆಯನ್ನು ಸಂಘದ ಗ್ರಂಥಾಲಯಕ್ಕೆ ಕೊಟ್ಟರೂ, ಈ ಮೂರು ಪಟ್ಟಣಗಳ ನೂರು ವರುಷಗಳ ಗೃಹಚರಿತ್ರೆಗೆ ಆಧಾರ ದೊರೆಯುವದು.

ಕೊಡುವ ಮೊದಲು ಒಂದು ಕೆಲಸವನ್ನು ಮಾತ್ರ ಅವಶ್ಯವಾಗಿ ಮಾಡಬೇಕೆಂದು ನನ್ನ ಪ್ರಾರ್ಥನೆ. ಪತ್ರಿಕೆಯ ಬೆನ್ನಿಗೆ, ಸಣ್ಣ ಅಕ್ಷರದಲ್ಲಿ, ಆ ಮದುವೆಯ ವಧುವರರ ತಾಯಂದಿರ ಹೆಸರುಗಳನ್ನು ಬರೆಯಿರಿ. ನೆನಪಿರುವವರು ಇನ್ನೂ ಇದ್ದಾರೆ, ಕೇಳಿದರೆ ಹೇಳುವರು. ಅಕ್ಕನ ಪತ್ರಿಕೆಯ ಬೆನ್ನಿಗೆ ನಾನು ಈಗಾಗಲೇ ಬರೆದಿಟ್ಟಿರುವೆನು.